ಕಾವಿ ಗೋಡೆಗೆ ಎಕ್ಸ್‌ಆರ್‌ಎಫ್ ಕ್ಯಾಮೆರಾ ಹಿಡಿಯುವ ಮುಂಚೆ

ಬಂಗಾರದ ಅಂಗಡಿಯಲ್ಲಿ ಹಳೆ ಬಳೆ ಕೊಟ್ಟರೆ ಅದನ್ನು ಕ್ಯಾರೆಟ್ ಮೀಟರ್ ಒಳಗೆ ಇಟ್ಟು, ಮುಚ್ಚಳ ಹಾಕಿ, ಸ್ವಲ್ಪ ಹೊತ್ತಲ್ಲೇ ಚಿನ್ನ ಇಷ್ಟು, ಬೆಳ್ಳಿ ಇಷ್ಟು, ತಾಮ್ರ ಇಷ್ಟು ಅಂತ ಹೇಳುತ್ತಾರೆ. ಕಾರವಾರ, ಶಿರಸಿ ಕಡೆಯವರಿಗೂ ಇದು ಹೊಸದೇನಲ್ಲ. ಆ ಡಬ್ಬಿಯೊಳಗೆ ನಡೆಯುವುದೇ ಎಕ್ಸ್-ರೇ ಫ್ಲೋರೆಸೆನ್ಸ್, ಚಿಕ್ಕದಾಗಿ ಎಕ್ಸ್‌ಆರ್‌ಎಫ್. ಆದರೆ ಅದು ನೋಡುವುದು ಒಂದು ಚುಕ್ಕೆ ಮಾತ್ರ. ಅದೇ ಕೆಲಸವನ್ನು ಸಾವಿರಾರು ಚುಕ್ಕೆಗಳಲ್ಲಿ ಮಾಡಿ, ಕಬ್ಬಿಣ ಎಲ್ಲೆಲ್ಲಿದೆ, ಕ್ಯಾಲ್ಸಿಯಂ ಎಲ್ಲೆಲ್ಲಿದೆ, ಸೀಸ ಎಲ್ಲಿ ಅಡಗಿ ಕೂತಿದೆ ಅಂತ ಒಂದೊಂದು ಧಾತುವಿಗೂ ಬೇರೆ ಬೇರೆ ಚಿತ್ರ ಕೊಡುವ ಕ್ಯಾಮೆರಾಗಳು ಈಗ ಬಂದಿವೆ.

ಅಂಥ ಕ್ಯಾಮೆರಾ ಸಿಕ್ಕಾಗ, ಅಥವಾ ಅದು ಇರುವ ಲ್ಯಾಬಿನವರು ನಿಮ್ಮ ಊರಿಗೆ ಬರಲು ಒಪ್ಪಿದಾಗ, ಕೆಲಸ ಹೇಗೆ ಮಾಡಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ನಮ್ಮ ಕಾವಿ ಗೋಡೆಯನ್ನೇ ತೆಗೆದುಕೊಂಡಿದ್ದೇನೆ, ಅದಕ್ಕೆ ಕಾರಣ ಇದೆ. ಕಾವಿ ಚಿತ್ರದಲ್ಲಿ ಇರುವುದು ಎರಡೇ ಬಣ್ಣ. ಕೆಂಪು ಅಂದರೆ ಕಬ್ಬಿಣ, ಬಿಳಿ ಅಂದರೆ ಕ್ಯಾಲ್ಸಿಯಂ. ಇದಕ್ಕಿಂತ ಸುಲಭದ ವಿಷಯ ಯಾವುದಿದೆ ಅನ್ನಿಸುತ್ತದೆ ಅಲ್ವಾ? ಆದರೆ ಈ ಎರಡೇ ಧಾತುಗಳು ಸೇರಿಕೊಂಡು ಡಿಟೆಕ್ಟರ್ ಒಳಗೆ ಇಲ್ಲದ ಪಾದರಸ, ಇಲ್ಲದ ಸೀಸ, ಇಲ್ಲದ ಟೈಟೇನಿಯಂ ಎಲ್ಲವನ್ನೂ ತೋರಿಸಬಲ್ಲವು. ಕ್ಯಾಮೆರಾ ಎಷ್ಟು ಹೊಸದಾದರೂ ಈ ಕಾಟ ತಪ್ಪಿದ್ದಲ್ಲ.

ಮೊದಲು ಗೋಡೆ

ಕಾವಿ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಚಿಪ್ಪಿ ಸುಟ್ಟು ಮಾಡಿದ ಸುಣ್ಣವನ್ನು ಮರಳು, ಬೆಲ್ಲದ ನೀರು ಹಾಕಿ ಕೊಳೆಸಿ, ಕುಟ್ಟಿ ಹದ ಮಾಡಿ ಗೋಡೆಗೆ ಮೆತ್ತುತ್ತಿದ್ದರು. ಅದು ಹಸಿ ಇರುವಾಗಲೇ ಮೇಲೆ ಉರುಮಂಜು ಅನ್ನುವ ಕೆಂಪು ಮಣ್ಣಿನ ಪದರ ಬಳಿಯುತ್ತಿದ್ದರು. ಆಮೇಲೆ ಚೂಪಾದ ಮೊಳೆಯಂಥ ಸಲಕರಣೆಯಿಂದ, ದುಂಡಗಿನ ಹೂವುಗಳಿಗೆ ಕೈವಾರದಿಂದ, ಗೀರಿ ಕೆಂಪನ್ನು ಕೆರೆದು ತೆಗೆದರೆ ಅಡಿಯ ಬಿಳಿ ಎದ್ದು ಕಾಣುತ್ತದೆ. ಗೋವಾದಿಂದ ಹಿಡಿದು ಅಂಕೋಲಾ, ಕುಮಟಾ, ಭಟ್ಕಳದವರೆಗೆ ಕರಾವಳಿಯ ದೇವಸ್ಥಾನಗಳಲ್ಲಿ ಇದು ಇತ್ತು. ಘಟ್ಟದ ಮೇಲೆ ಶಿರಸಿ ಮಾರಿಕಾಂಬಾ ದೇವಸ್ಥಾನವೂ ಕಾವಿಗೆ ಹೆಸರಾದದ್ದೇ. ಎಷ್ಟೋ ಕಡೆ ಈಗ ಮೇಲೆ ಡಿಸ್ಟೆಂಪರ್, ಆಯಿಲ್ ಪೇಂಟ್ ಕೂತಿದೆ. ಆ ಪೇಂಟಿನ ಅಡಿಯಲ್ಲಿ ಏನು ಉಳಿದಿದೆ, ಮೇಲಿನ ಕೆಂಪು ಹಳೆಯದೋ ಆಮೇಲೆ ತಿದ್ದಿದ್ದೋ, ಉಪ್ಪು ಎಲ್ಲಿಂದ ಏರುತ್ತಿದೆ ಅನ್ನುವ ಪ್ರಶ್ನೆಗಳಿಗೆ ಎಕ್ಸ್‌ಆರ್‌ಎಫ್ ನಕ್ಷೆ ಉತ್ತರ ಕೊಡಬಲ್ಲದು, ಅದೂ ಗೋಡೆಯಿಂದ ಒಂದು ಚೂರೂ ಕೀಳದೆ.

ಹೇಗೆ ಅಂದರೆ, ಎಕ್ಸ್-ರೇ ಬಿದ್ದಾಗ ಪರಮಾಣುವಿನ ಒಳಸುತ್ತಿನ ಒಂದು ಎಲೆಕ್ಟ್ರಾನ್ ಹೊರಗೆ ಹಾರುತ್ತದೆ, ಹೊರಸುತ್ತಿನದೊಂದು ಆ ಖಾಲಿ ಜಾಗಕ್ಕೆ ಇಳಿಯುತ್ತದೆ, ಇಳಿಯುವಾಗ ಮಿಕ್ಕ ಶಕ್ತಿಯನ್ನು ಇನ್ನೊಂದು ಎಕ್ಸ್-ರೇ ಆಗಿ ಬಿಡುತ್ತದೆ. ಆ ಶಕ್ತಿ ಒಂದೊಂದು ಧಾತುವಿಗೂ ಬೇರೆ. ಹೆನ್ರಿ ಮೋಸ್ಲಿ 1913ರಲ್ಲೇ ಇದರ ಲೆಕ್ಕ ಹಿಡಿದಿದ್ದ. ಕ್ಯಾಲ್ಸಿಯಂಗೆ 3.69 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಮುಂದೆ ಕೆಇವಿ ಅಂತಲೇ ಬರೆಯುತ್ತೇನೆ), ಕಬ್ಬಿಣಕ್ಕೆ 6.40, ಪಾದರಸಕ್ಕೆ 9.99, ಸೀಸಕ್ಕೆ 10.55. ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಜೇಬಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಇದೇ ತತ್ವದ ಮೇಲೆ ಚಂದ್ರಯಾನ-2ರ ಕ್ಲಾಸ್ ಉಪಕರಣ ಚಂದ್ರನ ಧಾತು ನಕ್ಷೆ ತೆಗೆಯುತ್ತದೆ. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾದ ಅದಕ್ಕೆ ಎಕ್ಸ್-ರೇ ಹುಟ್ಟಿಸುವ ಟ್ಯೂಬೇ ಇಲ್ಲ, ಸೂರ್ಯನೇ ಟ್ಯೂಬ್. ಸೂರ್ಯನಲ್ಲಿ ಜ್ವಾಲೆ ಸಿಡಿದಾಗಲೆಲ್ಲ ಒಳ್ಳೆ ನಕ್ಷೆ ಸಿಗುತ್ತದೆ, ಸುಮ್ಮನಿದ್ದಾಗ ಕಾಯಬೇಕು. 2022ರಲ್ಲಿ ಅದು ಚಂದ್ರನ ಮೇಲಿನ ಸೋಡಿಯಂ ಹಂಚಿಕೆಯನ್ನೂ ನಕ್ಷೆ ಮಾಡಿತು. ನಮಗೆ ಅಷ್ಟು ದೂರ ಹೋಗುವ ಕಷ್ಟ ಇಲ್ಲ, ಗೋಡೆ ಎದುರಿಗೇ ಇದೆ.

ಯಾವ ಕ್ಯಾಮೆರಾ ಬೇಕು

ಕ್ಯಾಮೆರಾ ಅನ್ನುವ ಒಂದೇ ಹೆಸರಲ್ಲಿ ಎರಡು ಜಾತಿಯ ಯಂತ್ರಗಳಿವೆ. ಇದನ್ನು ಮೊದಲೇ ಬಿಡಿಸಿಕೊಳ್ಳದೆ ಲ್ಯಾಬಿಗೆ ಫೋನ್ ಮಾಡಿದರೆ ಅವರು ಒಂದು ಹೇಳುತ್ತಾರೆ, ನೀವು ಇನ್ನೊಂದು ಅಂದುಕೊಳ್ಳುತ್ತೀರಿ.

ಒಂದು, ಸ್ಕ್ಯಾನರ್. ಸಣ್ಣ ಎಕ್ಸ್-ರೇ ಕಿರಣವನ್ನು ಗೋಡೆಯ ಮೇಲೆ ಸಾಲು ಸಾಲಾಗಿ ಓಡಿಸುತ್ತಾರೆ, ಪ್ರತಿ ಚುಕ್ಕೆಯಲ್ಲೂ ಒಂದು ಸ್ಪೆಕ್ಟ್ರಮ್, ಅಂದರೆ ಯಾವ ಶಕ್ತಿಯ ಎಕ್ಸ್-ರೇ ಎಷ್ಟು ಬಂತು ಅನ್ನುವ ಲೆಕ್ಕ, ಬರೆದುಕೊಳ್ಳುತ್ತಾರೆ. ಅದರಲ್ಲಿ ಒಂದೊಂದು ಧಾತುವೂ ತನ್ನ ಶಕ್ತಿಯ ಜಾಗದಲ್ಲಿ ಶಿಖರವಾಗಿ ಏಳುತ್ತದೆ, ಅದನ್ನೇ ಗೆರೆ ಅಂತಲೂ ಅನ್ನುತ್ತಾರೆ. ಇದರ ಕಣ್ಣು ಸಿಲಿಕಾನ್ ಡ್ರಿಫ್ಟ್ ಡಿಟೆಕ್ಟರ್, ಎಸ್‌ಡಿಡಿ. 1980ರ ದಶಕದಲ್ಲಿ ಗಟ್ಟಿ ಮತ್ತು ರೇಹಾಕ್ ಎಂಬಿಬ್ಬರು ಕೊಟ್ಟ ಕಲ್ಪನೆ ಅದು. ದ್ರವ ಸಾರಜನಕದ ಹಂಡೆ ಬೇಡ, ಸಣ್ಣ ವಿದ್ಯುತ್ ಕೂಲರ್ ಸಾಕು. ಹಾಗಾಗಿಯೇ ಈ ಯಂತ್ರಗಳು ಲ್ಯಾಬ್ ಬಿಟ್ಟು ಮ್ಯೂಸಿಯಂಗೆ, ದೇವಸ್ಥಾನಕ್ಕೆ ಹೊರಟದ್ದು.

ಇನ್ನೊಂದು, ನಿಜವಾದ ಕ್ಯಾಮೆರಾ. ಅಗಲವಾದ ಎಕ್ಸ್-ರೇಯಿಂದ ಇಡೀ ಜಾಗವನ್ನು ಒಮ್ಮೆಗೇ ಬೆಳಗಿಸಿ, ಎದುರಿಗೆ ಪಿಕ್ಸೆಲ್‌ಗಳ ಚಿಪ್ ಇಟ್ಟು, ಪ್ರತಿ ಪಿಕ್ಸೆಲ್ ತನಗೆ ಬಂದ ಫೋಟಾನಿನ, ಅಂದರೆ ಎಕ್ಸ್-ರೇಯ ಒಂದು ಕಣದ, ಶಕ್ತಿಯನ್ನು ತಾನೇ ಅಳೆಯುತ್ತದೆ. ಇತ್ತೀಚಿನ ಮುನ್ನಡೆ ಜಾಸ್ತಿ ಆಗಿರುವುದು ಇಲ್ಲೇ. ಜರ್ಮನಿಯಲ್ಲಿ ತಯಾರಾದ ಬಣ್ಣದ ಎಕ್ಸ್-ರೇ ಕ್ಯಾಮೆರಾದಲ್ಲಿ ಪಿಎನ್‌ಸಿಸಿಡಿ ಎಂಬ ಚಿಪ್ ಇದೆ. 264 ಸಾಲು, 264 ಕಂಬ, ಒಂದೊಂದು ಪಿಕ್ಸೆಲ್ 48 ಮೈಕ್ರಾನ್, ಸೆಕೆಂಡಿಗೆ 400 ಫ್ರೇಮ್. ಮುಂದುಗಡೆ ಪಾಲಿಕ್ಯಾಪಿಲ್ಲರಿ ಅಂತ ಗಾಜಿನ ಸಣ್ಣ ಸಣ್ಣ ಕೊಳವೆಗಳ ಕಟ್ಟು ಇರುತ್ತದೆ, ಅದು ಎಕ್ಸ್-ರೇಗಳನ್ನು ನೇರವಾಗಿ ಚಿಪ್‌ಗೆ ದಾಟಿಸುತ್ತದೆ.

ಗುಣಾಕಾರ ಮಾಡಿ ನೋಡಿ: 264 ಸಲ 48 ಮೈಕ್ರಾನ್ ಅಂದರೆ ಸುಮಾರು 12.7 ಮಿಲಿಮೀಟರ್. ಅಂದರೆ ಒಂದಕ್ಕೊಂದು ಅಳತೆಯ ಕೊಳವೆ ಕಟ್ಟು ಹಾಕಿದರೆ ಒಂದು ಸಲಕ್ಕೆ ಕಾಣುವುದು ಹೆಬ್ಬೆರಳಿನ ಉಗುರಿನಷ್ಟು ಜಾಗ. ಗೀರಿದ ಗೆರೆಯ ಅಂಚು, ಉದುರಿ ಬಿದ್ದ ಒಂದು ಚಕ್ಕೆಯ ಅಡ್ಡಸೀಳು, ಟಾಗೋರ್ ಕಡಲತೀರದ ಒಂದು ಚಿಟಿಕೆ ಮರಳು, ಇವಕ್ಕೆಲ್ಲ ಇದು ಹೇಳಿ ಮಾಡಿಸಿದ್ದು. ಮೂವತ್ತು ಸೆಂಟಿಮೀಟರಿನ ಒಂದು ಕಮಲಕ್ಕೆ ಇದನ್ನು ಹಿಡಿದರೆ ಐನೂರಕ್ಕೂ ಜಾಸ್ತಿ ತುಂಡುಗಳನ್ನು ತೆಗೆದು ಜೋಡಿಸಬೇಕು. ಬೇಡ.

ದೊಡ್ಡ ಜಾಗ ಒಮ್ಮೆಗೇ ಬೇಕಾದರೆ ಪಿನ್‌ಹೋಲ್ ಇದೆ. ಕೊಳವೆ ಕಟ್ಟಿನ ಬದಲು ಭಾರಲೋಹದ ತಗಡಿನಲ್ಲಿ ಒಂದು ಸಣ್ಣ ತೂತು. ಗೋಡೆ ದೂರ, ಚಿಪ್ ಹತ್ತಿರ ಇಟ್ಟರೆ ಚಿತ್ರ ಕುಗ್ಗುತ್ತದೆ. ಗೋಡೆ ನಾಲ್ಕು ಪಟ್ಟು ದೂರ ಇದ್ದರೆ 25 ಮಿಲಿಮೀಟರ್ ಚಿಪ್ ಮೇಲೆ 10 ಸೆಂಟಿಮೀಟರ್ ಗೋಡೆ ಬೀಳುತ್ತದೆ. ಇಟಲಿಯವರು ಇದರಲ್ಲಿ ತುಂಬ ಕೆಲಸ ಮಾಡಿದ್ದಾರೆ. ನನಗೆ ಇದು ಇಷ್ಟವಾಗುವುದು ಬೇರೆ ಕಾರಣಕ್ಕೆ: ಪಿನ್‌ಹೋಲ್‌ಗೆ ಫೋಕಸ್ ಅನ್ನುವುದೇ ಇಲ್ಲ. ನಮ್ಮ ಕಡೆಯ ಕೆಂಪುಗಲ್ಲಿನ ಗೋಡೆ ಯಾವತ್ತೂ ಸಪಾಟ ಅಲ್ಲ, ಹೊಟ್ಟೆ ಬಿಟ್ಟಿರುತ್ತದೆ, ಗಿಲಾವು ಉಬ್ಬಿರುತ್ತದೆ. ಕೊಳವೆ ಕಟ್ಟಿನಿಂದ ಕಿರಣ ಕೂಡಿಸುವ ಸ್ಕ್ಯಾನರ್‌ಗೆ ಒಂದೆರಡು ಮಿಲಿಮೀಟರ್ ಏರುಪೇರಾದರೂ ಚುಕ್ಕೆ ಹಿಗ್ಗಿ ನಕ್ಷೆ ಮಸುಕಾಗುತ್ತದೆ, ಪಿನ್‌ಹೋಲ್‌ಗೆ ಆ ತಲೆನೋವು ಇಲ್ಲ. ಬೆಲೆ ತೆರಬೇಕಾದದ್ದು ಸಮಯದಲ್ಲಿ. ತೂತು ಸಣ್ಣದಾದಷ್ಟು ಚಿತ್ರ ಚೂಪು, ಆದರೆ ಒಳಗೆ ಬರುವ ಫೋಟಾನ್ ಕಡಿಮೆ, ಗಂಟೆಗಟ್ಟಲೆ ಕಾಯಬೇಕು.

ಎಲೆಕ್ಟ್ರಾನ್‌ಗಳನ್ನು ದೊಡ್ಡ ಉಂಗುರದಲ್ಲಿ ಓಡಿಸಿ ಬಲವಾದ ಎಕ್ಸ್-ರೇ ಪಡೆಯುವ ಸಿಂಕ್ರೋಟ್ರಾನ್‌ನದ್ದು ಬೇರೆಯೇ ಲೋಕ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಮತ್ತು ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯ ಸೇರಿ ಮಾಡಿದ ಮಾಯಾ ಡಿಟೆಕ್ಟರ್‌ನಲ್ಲಿ 384 ಬಿಡಿ ಡಿಟೆಕ್ಟರ್‌ಗಳಿವೆ, ಮಧ್ಯದ ತೂತಿನಿಂದ ಕಿರಣ ಹೊರಗೆ ಹೋಗುತ್ತದೆ, ಒಂದು ಚುಕ್ಕೆಗೆ ಒಂದು ಮಿಲಿಸೆಕೆಂಡೂ ಬೇಕಿಲ್ಲ. ಫ್ರೆಂಚ್ ಚಿತ್ರಕಾರ ದೆಗಾ ಬಿಡಿಸಿದ ಒಬ್ಬ ಹೆಂಗಸಿನ ಭಾವಚಿತ್ರದ ಅಡಿಯಲ್ಲಿ ಇನ್ನೊಂದು ಮುಖ ಇದ್ದದ್ದನ್ನು 2016ರಲ್ಲಿ ಬಣ್ಣಸಮೇತ ತೋರಿಸಿದ್ದು ಇದೇ, ಸ್ಕ್ಯಾನ್‌ಗೆ 33 ಗಂಟೆ ಹಿಡಿದಿತ್ತು. ನಮ್ಮಲ್ಲಿ ಇಂದೋರ್‌ನ ಇಂಡಸ್-2 ಸಿಂಕ್ರೋಟ್ರಾನ್‌ನಲ್ಲಿ ಸಣ್ಣ ಚುಕ್ಕೆಯ ಎಕ್ಸ್‌ಆರ್‌ಎಫ್‌ಗೆ (ಮೈಕ್ರೋಪ್ರೋಬ್) ಅಂತಲೇ ಒಂದು ಬೀಮ್‌ಲೈನ್, ಅಂದರೆ ಕಿರಣ ಹೊರಬರುವ ಒಂದು ಪ್ರಯೋಗದ ಜಾಗ, ಇದೆ. ಆದರೆ ಗೋಡೆಯನ್ನು ಇಂದೋರ್‌ಗೆ ಹೊತ್ತುಕೊಂಡು ಹೋಗಲಾಗುವುದಿಲ್ಲ. ಉದುರಿದ ಚಕ್ಕೆ ಇದ್ದರೆ ಮಾತ್ರ ಆ ದಾರಿ.

ಹಾಗಾಗಿ ಕಾವಿ ಗೋಡೆಗೆ ನನ್ನ ಸಲಹೆ: ಇಡೀ ಚಿತ್ರಕ್ಕೆ ಸ್ಕ್ಯಾನರ್, ಉಬ್ಬುತಗ್ಗು ಜಾಸ್ತಿ ಇದ್ದರೆ ಪಿನ್‌ಹೋಲ್, ಉದುರಿದ ಚಕ್ಕೆಗೆ ಪಿಎನ್‌ಸಿಸಿಡಿ.

ಒಂದು ವಿಷಯ ಮೊದಲೇ ತಿಳಿದಿರಲಿ. ಇವು ಯಾವುವೂ ಇಂಗಾಲ ನೋಡಲಾರವು. ಇಂಗಾಲದ ಎಕ್ಸ್-ರೇ ಎಷ್ಟು ದುರ್ಬಲ ಅಂದರೆ ಗಾಳಿಯಲ್ಲೇ ಮಾಯ. ಕಾಡಿಗೆಯ ಕಪ್ಪು, ಗಾರೆಗೆ ಹಾಕಿದ ಬೆಲ್ಲ, ಮಠಗಳಲ್ಲಿರುವ ತಾಳೆಗರಿಯ ಮಸಿ ಇದಕ್ಕೆ ಕಾಣುವುದಿಲ್ಲ. ಅದನ್ನು ಹುಡುಕಲು ಹೊರಟಿದ್ದರೆ ಇನ್‌ಫ್ರಾರೆಡ್ ಕ್ಯಾಮೆರಾ ಕೇಳಿ, ಇದು ಬೇಡ.

ಅನುಮತಿ, ಸುರಕ್ಷತೆ

ಎಕ್ಸ್-ರೇ ಟ್ಯೂಬ್ ಇಟ್ಟುಕೊಳ್ಳಲು, ಓಡಿಸಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ, ಅಂದರೆ ಎಇಆರ್‌ಬಿಯ, ಕಾನೂನು ಬದ್ಧ ಒಪ್ಪಿಗೆ ಬೇಕು. ಅದು ಯಂತ್ರ ತರುವ ಸಂಸ್ಥೆಯ ಹೊಣೆ. ಆದರೂ ಕರೆಸುವವರು ನೀವು, ಕಾಗದ ತೋರಿಸಿ ಅಂತ ಕೇಳಲು ಮುಜುಗರ ಬೇಡ. ಅಂತರ್ಜಾಲದಲ್ಲಿ ಸಿಗುವ ಹಳೆ ಟ್ಯೂಬ್ ತಂದು ಮನೆಯಲ್ಲೇ ಮಾಡುತ್ತೇನೆ ಅನ್ನುವವರಿದ್ದಾರೆ. ದಯವಿಟ್ಟು ಮಾಡಬೇಡಿ.

ಬನವಾಸಿ ಮಧುಕೇಶ್ವರದಂಥ ಸಂರಕ್ಷಿತ ಜಾಗವಾದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಒಪ್ಪಿಗೆ ಇಲ್ಲದೆ ಟ್ರೈಪಾಡ್ ಕೂಡ ನಿಲ್ಲಿಸಬೇಡಿ. ಊರ ದೇವಸ್ಥಾನವಾದರೆ ಮೊಕ್ತೇಸರರು, ಭಟ್ಟರು ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿ. ಕೈಗಾ ಅಣುಸ್ಥಾವರ ಇರುವ ಜಿಲ್ಲೆಯೇ ನಮ್ಮ ಉತ್ತರ ಕನ್ನಡ, ವಿಕಿರಣ ಅಂದ ಕೂಡಲೇ ನೂರು ಪ್ರಶ್ನೆ ಬರುತ್ತವೆ, ಬರಲಿ ಬಿಡಿ. ಸರಳವಾಗಿ ಹೇಳಿ: ಇದರಲ್ಲಿ ವಿಕಿರಣಶೀಲ ವಸ್ತು ಇಲ್ಲ, ಸ್ವಿಚ್ ಆಫ್ ಮಾಡಿದರೆ ಎಕ್ಸ್-ರೇ ನಿಲ್ಲುತ್ತದೆ, ಗೋಡೆಯಲ್ಲಿ ಏನೂ ಉಳಿಯುವುದಿಲ್ಲ. ಆದರೆ ಆನ್ ಇರುವಾಗ ಆ ಕೋಣೆಯಲ್ಲಿ ಯಾರೂ ಇರಬಾರದು, ಗೋಡೆಯ ಆಚೆ ಬದಿಯಲ್ಲೂ ಯಾರೂ ಕೂರಬಾರದು. ಪೂಜೆಯ ಹೊತ್ತು ಬಿಟ್ಟು ರಾತ್ರಿ ಕೆಲಸ ಇಟ್ಟುಕೊಳ್ಳುವುದೇ ಒಳ್ಳೆಯದು. ಹಗ್ಗ ಕಟ್ಟಿ, ಬೋರ್ಡ್ ಹಾಕಿ, ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸಿ, ವಿಕಿರಣ ಅಳೆಯುವ ಸರ್ವೇ ಮೀಟರ್‌ನಿಂದ ಹಗ್ಗದ ಉದ್ದಕ್ಕೂ ಅಳೆಯಿರಿ. ಸಾರ್ವಜನಿಕರಿಗೆ ಇರುವ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್. ಹಗ್ಗದ ಜಾಗ ಅದಕ್ಕಿಂತ ತೀರಾ ಕೆಳಗೆ ಇರುವಂತೆ ಆರಿಸಿ.

ಯಂತ್ರ ನಿಲ್ಲಿಸುವುದು

ಮಳೆಗಾಲದಲ್ಲಿ ಮಾಡಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಡಿಟೆಕ್ಟರ್ ಒಳಗೆ ಶೂನ್ಯಕ್ಕಿಂತ ಕೆಳಗಿನ ಚಳಿ, ಹೊರಗೆ ಕಾರವಾರದ ಜುಲೈ ಗಾಳಿ. ಕೂಲರ್‌ನ ಸುತ್ತ, ಕಿಟಕಿಯ ಸುತ್ತ ನೀರು ಕೂರುತ್ತದೆ. ಆ ಕಿಟಕಿ ಬೆರಿಲಿಯಂನದ್ದು, ಕೂದಲಿಗಿಂತ ತೆಳು, ಬೆರಳು ತಾಗಿದರೂ ಒಡೆಯುತ್ತದೆ, ಒಡೆದರೆ ಪುಡಿ ವಿಷ. ಒರೆಸಲು ಹೋಗಬೇಡಿ. ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆ ಕಾಲ. ಆಗಲೂ ಡಿಟೆಕ್ಟರ್ ತಲೆಯನ್ನು ಸಿಲಿಕಾ ಜೆಲ್ ಇರುವ ಪೆಟ್ಟಿಗೆಯಲ್ಲಿಡಿ, ಎಸಿ ಕಾರಿನಿಂದ ಇಳಿಸಿದ ಕೂಡಲೇ ಪೆಟ್ಟಿಗೆ ತೆಗೆಯಬೇಡಿ, ಹೊರಗಿನ ಬಿಸಿಗೆ ಬರುವವರೆಗೆ ಮುಚ್ಚಿಯೇ ಇರಲಿ. ಯುಪಿಎಸ್ ಇಲ್ಲದೆ ಹೊರಡಬೇಡಿ. ಐದನೇ ಗಂಟೆಗೆ ಕರೆಂಟು ಹೋದರೆ ಸ್ಕ್ಯಾನ್ ಮೊದಲಿಂದ ಶುರು.

ಡಿಟೆಕ್ಟರ್ ಮತ್ತು ಗೋಡೆಯ ನಡುವಿನ ಗಾಳಿಯೂ ಲೆಕ್ಕಕ್ಕೆ ಬರುತ್ತದೆ. 1 ಸೆಂಟಿಮೀಟರ್ ಗಾಳಿಯಲ್ಲೇ ಅಲ್ಯೂಮಿನಿಯಂನ ಎಕ್ಸ್-ರೇ ಸುಮಾರು ಮುಕ್ಕಾಲು ಪಾಲು ಇಂಗಿಹೋಗುತ್ತದೆ. ಕೆಂಪುಗಲ್ಲಿನಲ್ಲಿ ಅಲ್ಯೂಮಿನಿಯಂ ಧಾರಾಳವಾಗಿದೆ, ಅದು ಬೇಕಿದ್ದರೆ ಹೀಲಿಯಂ ಊದಬೇಕು. ಬೇಡವಾದರೆ ಸುಮ್ನೆ ಆ ಖರ್ಚು ಬೇಡ. ಕಬ್ಬಿಣ, ಸೀಸ, ಪಾದರಸಕ್ಕೆ ಗಾಳಿ ಅಡ್ಡ ಬರುವುದಿಲ್ಲ.

ಎಷ್ಟು ಹೊತ್ತು ಬೇಕು ಅಂತ ಮೊದಲೇ ಲೆಕ್ಕ ಹಾಕಿ. 30 ಸೆಂಟಿಮೀಟರ್ ಚೌಕವನ್ನು 1 ಮಿಲಿಮೀಟರ್ ಹೆಜ್ಜೆಯಲ್ಲಿ ತೆಗೆದರೆ 90,000 ಚುಕ್ಕೆ. ಒಂದಕ್ಕೆ 100 ಮಿಲಿಸೆಕೆಂಡ್ ಅಂದರೆ ಎರಡೂವರೆ ಗಂಟೆ. ಹೆಜ್ಜೆಯನ್ನು ಅರ್ಧ ಮಿಲಿಮೀಟರ್‌ಗೆ ಇಳಿಸಿದರೆ ಹತ್ತು ಗಂಟೆ. ಗೀರಿನ ಅಗಲ ಎರಡು ಮಿಲಿಮೀಟರ್ ಇದ್ದರೆ ಅರ್ಧ ಮಿಲಿಮೀಟರ್ ಹೆಜ್ಜೆಯಿಂದ ಹೆಚ್ಚೇನೂ ಸಿಗುವುದಿಲ್ಲ, ರಾತ್ರಿ ಹಾಳು ಅಷ್ಟೆ. ಎಣಿಕೆಯ ಲೆಕ್ಕವೂ ಸರಳ: ಒಂದು ಪಿಕ್ಸೆಲ್‌ನಲ್ಲಿ 100 ಫೋಟಾನ್ ಎಣಿಸಿದರೆ ಶೇಕಡಾ 10ರಷ್ಟು ಅಲುಗಾಟ ಇರುತ್ತದೆ, 10,000 ಎಣಿಸಿದರೆ ಶೇಕಡಾ 1. ಕಡಿಮೆ ಬಂದರೆ ಆಮೇಲೆ ಅಕ್ಕಪಕ್ಕದ ನಾಲ್ಕು ಪಿಕ್ಸೆಲ್ ಕೂಡಿಸಿಕೊಳ್ಳಬಹುದು, ಅಲುಗಾಟ ಅರ್ಧವಾಗುತ್ತದೆ.

ಪಿಕ್ಸೆಲ್ ಚಿಪ್ ಬಳಸುವುದಾದರೆ ಇನ್ನೊಂದು ಎಚ್ಚರ. ಸಿಲಿಕಾನ್‌ನಲ್ಲಿ ಒಂದು ಎಲೆಕ್ಟ್ರಾನ್ ಎಬ್ಬಿಸಲು ಸುಮಾರು 3.65 ಎಲೆಕ್ಟ್ರಾನ್ ವೋಲ್ಟ್ ಬೇಕು. ಕಬ್ಬಿಣದ ಒಂದು ಫೋಟಾನ್ ಬಿದ್ದರೆ ಸುಮಾರು 1,750 ಎಲೆಕ್ಟ್ರಾನ್. ಚಿಪ್ ಇದನ್ನೇ ಎಣಿಸಿ ಇದು ಕಬ್ಬಿಣ ಅನ್ನುತ್ತದೆ. ಒಂದೇ ಫ್ರೇಮಿನಲ್ಲಿ ಒಂದೇ ಪಿಕ್ಸೆಲ್‌ಗೆ ಎರಡು ಫೋಟಾನ್ ಬಿದ್ದರೆ ಎಲೆಕ್ಟ್ರಾನ್‌ಗಳು ಕೂಡಿಹೋಗುತ್ತವೆ, ಅದಕ್ಕೆ ಬೇರೆ ಧಾತು ಕಂಡಂತಾಗುತ್ತದೆ. ಹಾಗಾಗಿ ಫ್ರೇಮ್ ಚಿಕ್ಕದಿರಲಿ, ನೂರು ಪಿಕ್ಸೆಲ್‌ಗೆ ಮೂರ್ನಾಲ್ಕು ಫೋಟಾನ್‌ಗಿಂತ ಜಾಸ್ತಿ ಬೀಳದಂತೆ ಟ್ಯೂಬಿನ ಕರೆಂಟ್ ಇಳಿಸಿ. ಚಿತ್ರ ಕಪ್ಪಗೆ, ಚುಕ್ಕೆ ಚುಕ್ಕೆಯಾಗಿ ಕಾಣುವುದೇ ಸರಿ. ಅಂಥ ಸಾವಿರಾರು ಫ್ರೇಮ್ ಕೂಡಿದಾಗ ನಕ್ಷೆ ಬರುತ್ತದೆ. ಒಂದು ಫೋಟಾನಿನ ಎಲೆಕ್ಟ್ರಾನ್‌ಗಳು ಎರಡು ಮೂರು ಪಿಕ್ಸೆಲ್‌ಗಳಿಗೆ ಹಂಚಿಹೋಗುವುದೂ ಉಂಟು, ಅದನ್ನು ಮತ್ತೆ ಕೂಡಿಸುವ ಕೆಲಸ ಸಾಫ್ಟ್‌ವೇರ್‌ನದ್ದು. ಆ ಆಯ್ಕೆ ಆನ್ ಇದೆಯಾ ಅಂತ ನೋಡಿ.

ಎರಡು ಸುತ್ತು ತೆಗೆಯಿರಿ. ಒಂದು 15 ಕಿಲೋವೋಲ್ಟ್‌ನಲ್ಲಿ, ಫಿಲ್ಟರ್ ಇಲ್ಲದೆ, ಕ್ಲೋರಿನ್, ಪೊಟ್ಯಾಸಿಯಂ, ಕ್ಯಾಲ್ಸಿಯಂಗೆ. ಇನ್ನೊಂದು 40ರಿಂದ 50ರಲ್ಲಿ, ಟ್ಯೂಬಿನ ಮುಂದೆ ಅಲ್ಯೂಮಿನಿಯಂ ಹಾಳೆ ಇಟ್ಟು, ಕಬ್ಬಿಣ, ಆರ್ಸೆನಿಕ್, ಪಾದರಸ, ಸೀಸ, ಸ್ಟ್ರಾನ್ಷಿಯಂಗೆ. ಹಾಳೆ ಇಲ್ಲದಿದ್ದರೆ ಸುಣ್ಣದ ಕ್ಯಾಲ್ಸಿಯಂ ಡಿಟೆಕ್ಟರ್ ತುಂಬ ತಾನೇ ಗದ್ದಲ ಎಬ್ಬಿಸುತ್ತದೆ.

ಇಲ್ಲದ್ದು ಕಾಣುವುದು

ಈಗ ನಿಜವಾದ ವಿಷಯಕ್ಕೆ ಬಂದೆವು. ಸ್ಕ್ಯಾನ್ ಮುಗಿಯಿತು, ಸಾಫ್ಟ್‌ವೇರ್ ಬಣ್ಣ ಬಣ್ಣದ ನಕ್ಷೆ ಕೊಟ್ಟಿತು, ಕೆಂಪು ಪದರದ ಉದ್ದಕ್ಕೂ ಪಾದರಸ ಹೊಳೆಯುತ್ತಿದೆ. ಇಂಗಳೀಕ (ಪಾದರಸದಿಂದ ಆದ ಕೆಂಪು ಬಣ್ಣ) ಸಿಕ್ಕಿತು ಅಂತ ಊರೆಲ್ಲ ಸಾರುವ ಮೊದಲು ಒಂದು ಕೂಡಿಸುವ ಲೆಕ್ಕ ಮಾಡಿ. ಕ್ಯಾಲ್ಸಿಯಂ 3.69, ಕಬ್ಬಿಣ 6.40. ಎರಡೂ ಒಟ್ಟಿಗೆ ಡಿಟೆಕ್ಟರ್‌ಗೆ ಬಿದ್ದರೆ 10.09. ಪಾದರಸ 9.99. ಈ ಡಿಟೆಕ್ಟರ್‌ಗಳು ಶಕ್ತಿ ಬಿಡಿಸುವ ತಾಕತ್ತು 5.9 ಕೆಇವಿಯಲ್ಲಿ ಸುಮಾರು 0.13 ಕೆಇವಿ, ಇನ್ನೂ ಮೇಲೆ ಹೋದರೆ ಅದಕ್ಕಿಂತ ಒರಟು. 9.99ಕ್ಕೂ 10.09ಕ್ಕೂ ವ್ಯತ್ಯಾಸ ಅದಕ್ಕೆ ಕಾಣುವುದೇ ಇಲ್ಲ. ಕೆಂಪೂ ಸುಣ್ಣವೂ ಒಟ್ಟಿಗೆ ಇರುವಲ್ಲೆಲ್ಲ ಸುಳ್ಳು ಪಾದರಸ ಹುಟ್ಟುತ್ತದೆ. ಕಾವಿಯಲ್ಲಿ ಇವೆರಡೂ ಇಲ್ಲದ ಜಾಗ ಎಲ್ಲಿದೆ?

ಕಬ್ಬಿಣ ಕಬ್ಬಿಣ ಸೇರಿದರೆ 12.80. ಸೀಸಕ್ಕೆ 10.55 ಅಲ್ಲದೆ ಇರುವ ಎರಡನೇ ಗೆರೆ, ಎಲ್-ಬೀಟಾ, 12.61. ಸುಳ್ಳು ಸೀಸ. ಕ್ಯಾಲ್ಸಿಯಂ ಕ್ಯಾಲ್ಸಿಯಂ ಸೇರಿದರೆ 7.38, ನಿಕ್ಕಲ್ 7.48. ಸುಳ್ಳು ನಿಕ್ಕಲ್.

ಇದನ್ನು ಹಿಡಿಯುವ ಉಪಾಯ ಬಲು ಸುಲಭ, ಆದರೂ ಮಾಡುವವರು ಕಡಿಮೆ. ಅನುಮಾನದ ಜಾಗದಲ್ಲಿ ಯಂತ್ರ ನಿಲ್ಲಿಸಿ, ಟ್ಯೂಬಿನ ಕರೆಂಟನ್ನು ಅರ್ಧ ಮಾಡಿ, ಅಷ್ಟೇ ಹೊತ್ತು ಮತ್ತೆ ಎಣಿಸಿ. ನಿಜವಾದ ಶಿಖರ ಅರ್ಧಕ್ಕೆ ಇಳಿಯುತ್ತದೆ. ಎರಡು ಫೋಟಾನ್ ಕೂಡಿ ಆದ ಸುಳ್ಳು ಶಿಖರ ಕಾಲು ಭಾಗಕ್ಕೆ ಇಳಿಯುತ್ತದೆ, ಯಾಕೆಂದರೆ ಅದಕ್ಕೆ ಇಬ್ಬರೂ ಒಂದೇ ಕ್ಷಣಕ್ಕೆ ಬರಬೇಕು. ಹತ್ತು ನಿಮಿಷದ ಕೆಲಸ. ಇದೊಂದು ಪರೀಕ್ಷೆ ಮಾಡದ ಪಾದರಸ ನಕ್ಷೆಯನ್ನು ನಾನು ನಂಬುವುದಿಲ್ಲ.

ಟೈಟೇನಿಯಂನದ್ದು ಬೇರೆ ಕಥೆ. ಕಬ್ಬಿಣದ ಫೋಟಾನ್ ಡಿಟೆಕ್ಟರ್‌ಗೆ ಬಿದ್ದಾಗ ಒಮ್ಮೊಮ್ಮೆ ಒಳಗಿನ ಸಿಲಿಕಾನೇ ತನ್ನ 1.74 ಕೆಇವಿಯ ಎಕ್ಸ್-ರೇ ಬಿಟ್ಟು, ಅದು ತಪ್ಪಿಸಿಕೊಂಡು ಹೋಗುತ್ತದೆ. ಉಳಿಯುವುದು 4.66. ಟೈಟೇನಿಯಂ 4.51. ಕಬ್ಬಿಣ ಜೋರಾಗಿರುವಲ್ಲಿ ಇದು ಟೈಟೇನಿಯಂನಂತೆಯೇ ಕಾಣುತ್ತದೆ. ಕಗ್ಗಂಟು ಏನೆಂದರೆ ನಮ್ಮ ಕೆಂಪು ಮಣ್ಣಿನಲ್ಲಿ ನಿಜವಾದ ಟೈಟೇನಿಯಂ ಕೂಡ ಇದೆ, ಮೇಲೆ ಬಳಿದ ಹೊಸ ಬಿಳಿ ಪೇಂಟಿನಲ್ಲೂ ಇದೆ. ಟೈಟೇನಿಯಂ ಬಿಳಿ ಮಾರುಕಟ್ಟೆಗೆ ಬಂದದ್ದು ಸುಮಾರು 1920ರ ಹೊತ್ತಿಗೆ, ಹಾಗಾಗಿ ಗೋಡೆಯ ಬಿಳಿ ಭಾಗದಲ್ಲಿ ಅದು ದಟ್ಟವಾಗಿ ಕಂಡರೆ ಆಮೇಲಿನ ಕೈ ಅಂತ ಹೇಳಬಹುದು. ಕೆಂಪು ಭಾಗದಲ್ಲಿ ತೆಳ್ಳಗೆ ಕಂಡರೆ ಅದು ಮಣ್ಣಿನದ್ದಿರಬಹುದು, ಅಥವಾ ಕಬ್ಬಿಣದ ನೆರಳಿರಬಹುದು. ನಿಜವಾದ ಟೈಟೇನಿಯಂಗೆ 4.93ರಲ್ಲಿ ತಮ್ಮನಂತೆ ಇನ್ನೊಂದು ಸಣ್ಣ ಗೆರೆ ಇರುತ್ತದೆ. ಅದನ್ನು ಹುಡುಕಿ. ಬೇರಿಯಂ ಕೂಡ 4.47ರಲ್ಲಿ ಇದೇ ಜಾಗಕ್ಕೆ ಬಂದು ಕೂರುತ್ತದೆ. ಜೊತೆಗೆ ಸತುವು ಇದ್ದರೆ ಅದು ಲಿಥೋಪೋನ್ ಅನ್ನುವ ಹಳೆ ಬಿಳಿ ಪೇಂಟ್ ಇರುವ ಸಾಧ್ಯತೆ ಜಾಸ್ತಿ.

ಇನ್ನು ಅರದಾಳ ಮತ್ತು ಸಿಂಧೂರ. ಯಕ್ಷಗಾನದ ಬಣ್ಣದ ಪೆಟ್ಟಿಗೆ ನೋಡಿದವರಿಗೆ ಅರದಾಳ, ಇಂಗಳೀಕ ಹೊಸದಲ್ಲ. ಹಳೆಯ ಮರದ ಕೆತ್ತನೆಗಳ ಮೇಲೂ ಇವು ಇರಬಹುದು. ಹಳದಿ ಬಣ್ಣದ ಅರದಾಳದಲ್ಲಿ ಆರ್ಸೆನಿಕ್, ಸೀಸದ ಸಿಂಧೂರದಲ್ಲಿ ಸೀಸ. ಆರ್ಸೆನಿಕ್‌ನ ಮುಖ್ಯ ಗೆರೆ 10.54, ಸೀಸದ್ದು 10.55. ಯಾವ ಕ್ಯಾಮೆರಾವೂ ಇದನ್ನು ಬಿಡಿಸಲಾರದು. ಹಾಗಾದರೆ ಎರಡನೇ ಗೆರೆ ನೋಡೋಣ ಅಂದರೆ ಆರ್ಸೆನಿಕ್‌ಗೆ 11.73 ಇದೆ, ಆದರೆ ಇಂಗಳೀಕ ಇದ್ದರೆ ಪಾದರಸದ 11.82 ಅದನ್ನು ಮುಚ್ಚಿಬಿಡುತ್ತದೆ. ಸೀಸಕ್ಕೆ 12.61 ಇದೆ, ಕಾವಿಯ ಮೇಲಾದರೆ ಆಗಲೇ ಹೇಳಿದ ಕಬ್ಬಿಣದ ಜೋಡಿ ಅಲ್ಲಿ ಕೂತಿರುತ್ತದೆ.

ಇಲ್ಲಿ ಟ್ಯೂಬಿನ ವೋಲ್ಟೇಜೇ ಕೈ ಹಿಡಿಯುತ್ತದೆ. ಸೀಸದ 10.55 ಗೆರೆ ಹುಟ್ಟಬೇಕಾದರೆ ಕನಿಷ್ಠ 13.04 ಕೆಇವಿ ಬೇಕು, ಆರ್ಸೆನಿಕ್‌ಗೆ 11.87 ಸಾಕು. ಟ್ಯೂಬನ್ನು 13 ಕಿಲೋವೋಲ್ಟ್‌ಗೆ ಇಳಿಸಿ ಅನುಮಾನದ ಒಂದೆರಡು ಚುಕ್ಕೆಯಲ್ಲಿ ತುಂಬ ಹೊತ್ತು ಎಣಿಸಿ. 10.5ರ ಶಿಖರ ಇನ್ನೂ ಇದ್ದರೆ ಆರ್ಸೆನಿಕ್. ಪೂರ್ತಿ ಮಾಯವಾದರೆ ಅಲ್ಲಿದ್ದದ್ದು ಸೀಸ. ಇಡೀ ಗೋಡೆಗೆ ಹೀಗೆ ಮಾಡಲು ಆಗುವುದಿಲ್ಲ, ಸಿಗ್ನಲ್ ಬಹಳ ಕಡಿಮೆ. ಚುಕ್ಕೆಗೆ ಮಾತ್ರ.

ಕರಾವಳಿಯ ಗೋಡೆಗೆ ಉಪ್ಪಿನ ನಕ್ಷೆ ಎಲ್ಲರೂ ಕೇಳುತ್ತಾರೆ. ಕ್ಲೋರಿನ್ ಗೆರೆ 2.62. ಬಹಳಷ್ಟು ಯಂತ್ರಗಳ ಟ್ಯೂಬ್ ರೋಡಿಯಂನದ್ದು, ಅದರದ್ದೇ ಒಂದು ಗೆರೆ 2.70ರಲ್ಲಿ ಇದೆ. ಗೋಡೆಗೆ ಬಡಿದು ಚೆದುರಿ ವಾಪಸ್ ಬಂದಾಗ ಗೋಡೆ ಪೂರ್ತಿ ಉಪ್ಪಾಗಿ ಕಾಣುತ್ತದೆ. ಉಪ್ಪೇ ಮುಖ್ಯವಾದರೆ ಟಂಗ್‌ಸ್ಟನ್ ಅಥವಾ ಮಾಲಿಬ್ಡಿನಂ ಟ್ಯೂಬ್ ಕೇಳಿ. ಮಾಲಿಬ್ಡಿನಂ ಆದರೆ ಗಂಧಕದ ನಕ್ಷೆ ಮರೆತುಬಿಡಿ, 2.29 ಮತ್ತು 2.31 ಒಂದರ ಮೇಲೊಂದು. ಅದೇ 2.3ರ ಹತ್ತಿರ ಸೀಸದ್ದೂ ಒಂದು ಗೆರೆ ಇದೆ. ಕಾರವಾರದ ಕಡೆ ಸಿಕ್ಕ ಚುಟುಕುಲಾನಂದ, ಮೂಲಾನಂದ ಎಂಬ ಪ್ರಾಚೀನ ಅರಸರ ಹಳೆ ಸೀಸದ ನಾಣ್ಯಗಳಂಥದ್ದನ್ನು ಯಾರಾದರೂ ಸ್ಕ್ಯಾನ್ ಮಾಡಿ ಪೂರ್ತಿ ಗಂಧಕ ಇದೆ ಅಂದರೆ ನಗಬೇಡಿ, ಈ ಸಾಲು ತೋರಿಸಿ.

ನಕ್ಷೆ ಓದುವಾಗ

ಸಾಫ್ಟ್‌ವೇರ್‌ಗೆ ದುಡ್ಡು ಸುರಿಯಬೇಕಿಲ್ಲ. ಯುರೋಪಿನ ಸಿಂಕ್ರೋಟ್ರಾನ್‌ನವರು ಮಾಡಿದ ಪೈಎಂಸಿಎ ಪುಕ್ಕಟೆ ಸಿಗುತ್ತದೆ, ಮೇಲೆ ಹೇಳಿದ ತಪ್ಪಿಸಿಕೊಳ್ಳುವ ಶಿಖರ, ಕೂಡುವ ಶಿಖರ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡು ಸ್ಪೆಕ್ಟ್ರಮ್ ಬಿಡಿಸುತ್ತದೆ. ಆ ಆಯ್ಕೆಗಳಿಗೆ ಟಿಕ್ ಹಾಕಬೇಕಾದವರು ನೀವು.

ಎಲ್ಲ ಪಿಕ್ಸೆಲ್ ಕೂಡಿದ ಸ್ಪೆಕ್ಟ್ರಮ್ ಒಂದನ್ನೇ ನೋಡಿ ಧಾತುಗಳ ಪಟ್ಟಿ ಮಾಡಬೇಡಿ. 90,000 ಚುಕ್ಕೆಗಳಲ್ಲಿ ಹತ್ತರಲ್ಲಿ ಮಾತ್ರ ಚಿನ್ನ ಇದ್ದರೆ ಅದು ಆ ಗುಂಪಿನಲ್ಲಿ ಮುಳುಗಿಹೋಗುತ್ತದೆ. ಪ್ರತಿ ಶಕ್ತಿಯಲ್ಲೂ ಅತಿ ಹೆಚ್ಚು ಎಣಿಕೆ ಇರುವ ಪಿಕ್ಸೆಲ್ ಆರಿಸಿ ಕಟ್ಟುವ ಇನ್ನೊಂದು ಸ್ಪೆಕ್ಟ್ರಮ್ ಇದೆ, ಗರಿಷ್ಠ ಪಿಕ್ಸೆಲ್ ಸ್ಪೆಕ್ಟ್ರಮ್. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿ. ಮೊದಲನೆಯದರಲ್ಲಿ ಇಲ್ಲದೆ ಎರಡನೆಯದರಲ್ಲಿ ಎದ್ದ ಶಿಖರದ ಹಿಂದೆ ಹೋಗಿ, ಬಹಳ ಸಲ ಅಲ್ಲೇ ಏನಾದರೂ ಸಿಗುತ್ತದೆ.

ಆಳದ ಲೆಕ್ಕ ಮರೆಯಬೇಡಿ. ಸುಣ್ಣದ ಒಳಗಿಂದ ಕ್ಯಾಲ್ಸಿಯಂ, ಕಬ್ಬಿಣದ ಗೆರೆಗಳು ಹೊರಗೆ ಬರುವುದು ಹತ್ತಾರು ಮೈಕ್ರಾನ್ ಆಳದಿಂದ ಮಾತ್ರ. ಚಿಪ್ಪಿ ಸುಣ್ಣದಲ್ಲಿ ಇರುವ ಸ್ಟ್ರಾನ್ಷಿಯಂನ 14.16 ಗೆರೆ ಅದಕ್ಕಿಂತ ಎಷ್ಟೋ ಪಟ್ಟು ಆಳದಿಂದ, ಕಾಲು ಮಿಲಿಮೀಟರ್ ಆಸುಪಾಸಿನಿಂದಲೂ, ಬರುತ್ತದೆ. ಹಾಗಾಗಿ ಮೇಲೆ ಪೇಂಟ್ ಬಳಿದಿದ್ದರೆ ಕ್ಯಾಲ್ಸಿಯಂ ನಕ್ಷೆ ಪೇಂಟಿನ ಕಥೆ ಹೇಳುತ್ತದೆ, ಸ್ಟ್ರಾನ್ಷಿಯಂ ನಕ್ಷೆ ಅಡಿಯ ಗಾರೆಯದ್ದು. ಮುಚ್ಚಿಹೋದ ಕಾವಿಯ ಗೀರು ಹುಡುಕುವುದಾದರೆ ಕಬ್ಬಿಣದ ಜೊತೆ ಸ್ಟ್ರಾನ್ಷಿಯಂ ನಕ್ಷೆಯನ್ನೂ ಪಕ್ಕದಲ್ಲಿಟ್ಟು ನೋಡಿ. ಪೇಂಟು ದಪ್ಪ ಇದ್ದರೆ ಕಬ್ಬಿಣ ಕಾಣದೇ ಹೋಗಬಹುದು, ಅದರ ಅರ್ಥ ಕೆಳಗೆ ಕಾವಿ ಇಲ್ಲ ಅಂತಲ್ಲ.

ಕೊನೆಗೆ ನಕ್ಷೆಯನ್ನು ದೇವಸ್ಥಾನದವರಿಗೆ ಕೊಡುವಾಗ, ಪತ್ರಿಕೆಗೆ ಕಳಿಸುವಾಗ, ಪ್ರತಿ ಚಿತ್ರದ ಪಕ್ಕ ಬಣ್ಣದ ಪಟ್ಟಿ ಹಾಕಿ ಎಣಿಕೆ ಎಷ್ಟು ಅಂತ ಬರೆಯಿರಿ. ಸಾಫ್ಟ್‌ವೇರ್ ಒಂದೊಂದು ಧಾತುವಿನ ನಕ್ಷೆಯನ್ನೂ ಅದರದೇ ಗರಿಷ್ಠಕ್ಕೆ ಹಿಗ್ಗಿಸಿ ತೋರಿಸುತ್ತದೆ, ಹಾಗಾಗಿ 20,000 ಎಣಿಕೆಯ ಕಬ್ಬಿಣವೂ 12 ಎಣಿಕೆಯ ಪಾದರಸವೂ ಒಂದೇ ಥರ ಝಗಝಗ ಅನ್ನುತ್ತವೆ. ಟ್ಯೂಬಿನ ಲೋಹ, ವೋಲ್ಟೇಜ್, ಕರೆಂಟ್, ಫಿಲ್ಟರ್, ಹೆಜ್ಜೆ, ಚುಕ್ಕೆಗೆ ಎಷ್ಟು ಹೊತ್ತು, ಇಷ್ಟನ್ನೂ ಅದೇ ಹಾಳೆಯಲ್ಲಿ ಬರೆದಿಡಿ. ಮೂಲ ಸ್ಪೆಕ್ಟ್ರಮ್ ಫೈಲ್‌ಗಳ ಒಂದು ಪ್ರತಿ ದೇವಸ್ಥಾನದ ಆಫೀಸಿನಲ್ಲಿ, ಒಂದು ನಿಮ್ಮ ಹತ್ತಿರ, ಒಂದು ಲ್ಯಾಬಿನಲ್ಲಿ ಇರಲಿ. ಬರೀ ಬಣ್ಣದ ಚಿತ್ರ ಉಳಿಸಿಕೊಂಡರೆ ಮುಂದೆ ಯಾರಾದರೂ ಈ ಪಾದರಸ ನಿಜವಾ ಅಂತ ಕೇಳಿದಾಗ ಮತ್ತೆ ಯಂತ್ರ ಹೊತ್ತು ತರಬೇಕಾಗುತ್ತದೆ.